ಜೈಲಿನಲ್ಲಿ ಕಲಿತ ಕಸುಬಿಗೆ ಹೊರಗೆ ಜಾಮೀನು ಯಾರು?

ತಮ್ಮನ ಅಕ್ಕ, ಕಲಬುರಗಿ

ನನ್ನ ತಮ್ಮ ನಾಲ್ಕು ವರ್ಷದ ಶಿಕ್ಷೆ ಮುಗಿಸಿ ಬಂದು ಇವತ್ತಿಗೆ ಎಪ್ಪತ್ತು ದಿನ. ಹೊಲದ ಬದುವಿನ ಜಗಳದಲ್ಲಿ ದೊಡ್ಡಪ್ಪನ ಮಗನಿಗೆ ಕೊಡಲಿ ಕಾವಿನಿಂದ ಹೊಡೆದಿದ್ದ. ಅವರ ಎಡಗೈ ಈಗಲೂ ಭುಜದಿಂದ ಮೇಲೆ ಏಳುವುದಿಲ್ಲ. ತಪ್ಪು ಸಣ್ಣದಾಗಿತ್ತು ಎಂದು ವಾದಿಸಲು ನಾನು ಇಲ್ಲಿಗೆ ಬಂದಿಲ್ಲ. ಅವರ ಮುಖ ದಿನಾ ನೋಡಬೇಕಾಗುತ್ತದೆ ಎಂದೇ ಅವನು ಊರಿಗೆ ಹೋಗದೆ ನನ್ನ ಖೋಲಿಯಲ್ಲಿ ಉಳಿದಿದ್ದಾನೆ.

ಒಳಗಿದ್ದಾಗ ಹೊಲಿಗೆ ಕಲಿತ. ಬಂದ ಮೊದಲ ವಾರ ನನ್ನ ಮಗಳ ಹಳೆಯ ಲಂಗವನ್ನು ದೊಡ್ಡದು ಮಾಡಿಕೊಡುತ್ತೇನೆಂದು ಕುಳಿತ. ಹೊಲಿಗೆ ಬಿಚ್ಚುವಾಗ ದಾರ ಹರಿಯಲಿಲ್ಲ. ಒಂದೊಂದೇ ಎಳೆಯನ್ನು ಮೆಲ್ಲಗೆ ಎಳೆದು, ಬೆರಳಿಗೆ ಸುತ್ತಿ, ಸಣ್ಣ ಉಂಡೆ ಮಾಡಿ ಇಟ್ಟ. ಹತ್ತು ರೂಪಾಯಿಗೆ ರೀಲು ಸಿಗುತ್ತದೆ, ಯಾಕಪ್ಪ ಎಂದೆ. ‘ಅಲ್ಲಿ ದಾರ ಲೆಕ್ಕ ಹಾಕಿ ಕೊಡುತ್ತಿದ್ದರು ಅಕ್ಕ’ ಎಂದ. ಆ ಲಂಗವನ್ನು ನೋಡಿದ ಪಕ್ಕದ ಮನೆಯವರು ತಮ್ಮ ಎರಡು ರವಿಕೆ ಕೊಟ್ಟಿದ್ದಾರೆ. ಕೆಲಸ ಬರುತ್ತದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಹನ್ನೊಂದು ಅಂಗಡಿ ತಿರುಗಿದ್ದಾನೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ: ‘ಇಷ್ಟು ದಿನ ಎಲ್ಲಿ ಕೆಲಸ ಮಾಡಿದೆ?’ ಒಂದು ಕಡೆ ಸೋಲಾಪುರದಲ್ಲಿ ಎಂದು ಹೇಳಿದ. ಮಾಲಕರು ಸೋಲಾಪುರದವರೇ! ಯಾವ ಓಣಿ, ಯಾರ ಕಾರ್ಖಾನೆ ಎಂದು ಕೇಳಿದಾಗ ಬಾಯಿ ಕಟ್ಟಿತು. ಇನ್ನೊಂದು ಕಡೆ ನಿಜ ಹೇಳಿದ. ನಾಳೆ ಬಾ ಎಂದರು; ಮರುದಿನ ಹೋದರೆ ಮಷಿನ್ ಖಾಲಿ ಇಲ್ಲ ಎಂದರು, ಖಾಲಿ ಮಷಿನ್ ಕಣ್ಣ ಮುಂದೆಯೇ ಇತ್ತು. ಮೂರನೆಯ ಅಂಗಡಿಯಲ್ಲಿ ಎರಡು ದಿನ ಹೊಲಿದ. ಯಾರೋ ಹೋಗಿ ಹೇಳಿದರು. ಎರಡು ದಿನದ ಕೂಲಿ ಕೈಗಿಟ್ಟು ಕಳಿಸಿದರು, ಬೈಯಲಿಲ್ಲ. ಆ ಬೈಯದೆ ಕಳಿಸಿದ್ದೇ ಅವನಿಗೆ ಹೆಚ್ಚು ಹತ್ತಿದೆ.

ಈಗ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಹಮಾಲಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ಕಸುಬು ಕಲಿತ ಕೈ ಚೀಲ ಹೊರಲು ಹೋಗುವುದನ್ನು ನೋಡಲು ನನಗೆ ಆಗುತ್ತಿಲ್ಲ. ಇಂಥವರಿಗೆ ತರಬೇತಿ, ಸಾಲ, ಕೆಲಸ ಕೊಡಿಸುವ ದಾರಿ ನಮ್ಮ ಜಿಲ್ಲೆಯಲ್ಲಿ ಏನಿದೆ? ಆ ಪ್ರಶ್ನೆಗೆ ಅವನು ಏನು ಉತ್ತರ ಕೊಡಬೇಕು? ತಿಳಿದವರು ಹೇಳಿ.

ದಾಲ್ ಮಿಲ್ ಮೇಸ್ತ್ರಿ, ಕಪನೂರ

ತಂಗೀ, ನಾನು ಇಪ್ಪತ್ತು ವರ್ಷದಿಂದ ಬೇಳೆ ಮಿಲ್ಲಿನಲ್ಲಿ ಆಳು ಹಚ್ಚುವ ಕೆಲಸ ಮಾಡುತ್ತಿದ್ದೇನೆ. ಕಂಡದ್ದನ್ನು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬಂದು ಬಿದ್ದಾಗ ನಮಗೆ ಎಷ್ಟು ಜನ ಇದ್ದರೂ ಸಾಲದು. ಕಾಳಿಗೆ ಎಣ್ಣೆ ಹಚ್ಚಬೇಕು, ನೀರು ಕುಡಿಸಬೇಕು, ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸಬೇಕು, ಆಮೇಲೆ ಒಡೆಯಬೇಕು. ಆ ದಿನಗಳಲ್ಲಿ ಗೇಟಿಗೆ ಬಂದವನ ಹೆಸರನ್ನೂ ನಾನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಚೀಲ ಎತ್ತುತ್ತಾನೋ ಇಲ್ಲವೋ ಅಷ್ಟೇ. ಬೆನ್ನು ಬಗ್ಗಿಸುವ ಕೆಲಸಕ್ಕೆ ಯಾರೂ ಹಿಂದಿನದು ಕೇಳುವುದಿಲ್ಲ. ತೂಕದ ಕಾಟಾದ ಮುಂದೆ ಕೂರಿಸಬೇಕು, ಮಷಿನ್ ಒಪ್ಪಿಸಬೇಕು, ಗೋದಾಮಿನ ಕೀಲಿ ಕೊಡಬೇಕು ಎಂದಾಗ ಕೇಳುತ್ತೇವೆ. ನಿಮ್ಮ ತಮ್ಮ ಹಮಾಲಿಗೆ ಹೋದರೆ ನಾಳೆಯೇ ಕೆಲಸ ಸಿಗುತ್ತದೆ. ಹೊಲಿಗೆಗೆ ಹೋದದ್ದರಿಂದಲೇ ಸಿಗುತ್ತಿಲ್ಲ. ಕೇಳಲು ವಿಚಿತ್ರ ಎನಿಸಿದರೂ ಪರಿಸ್ಥಿತಿ ಇದೇ.

ಇನ್ನೊಂದು. ನಮ್ಮ ಕಡೆ ಕೆಲಸ ಸಿಗುವುದು ಅರ್ಜಿಯಿಂದಲ್ಲ. ‘ಯಾರ ಕಡೆಯವನು?’ ಎಂದು ಕೇಳುತ್ತೇವೆ. ಇಂಥ ಕಾಕಾ ಕಳಿಸಿದ್ದಾರೆ, ಇಂಥ ಮಾಸ್ತರ ಹೇಳಿದ್ದಾರೆ ಎಂದರೆ ಮುಗಿಯಿತು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಹೋಗಿ ಕೇಳಲು ಒಂದು ಮನೆ ಇದೆ ಎಂಬ ಧೈರ್ಯ ಅದು. ನಾನು ಕೇಳುತ್ತೇನೆ, ಆ ಹನ್ನೊಂದು ಅಂಗಡಿಗಳಿಗೆ ಅವನನ್ನು ಯಾರ ಹೆಸರು ಹೇಳಿ ಕಳಿಸಿದಿರಿ?

ಕರಿ ಕೋಟು

ನಾನು ಇಲ್ಲಿನ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಅಕ್ಕಾ, ಕಾನೂನಿನ ಮಟ್ಟಿಗೆ ನಿಮ್ಮ ತಮ್ಮ ಎಲ್ಲಿ ನಿಲ್ಲುತ್ತಾನೆ ಎಂದು ಹೇಳುತ್ತೇನೆ.

ದೊಡ್ಡವರ ವಿಷಯದಲ್ಲಿ, ಹಳೆಯ ಶಿಕ್ಷೆಯ ಬಗ್ಗೆ ಖಾಸಗಿ ಮಾಲಕರು ಕೇಳಬಾರದು ಎಂಬ ಕಾನೂನು ನಮ್ಮಲ್ಲಿ ಇಲ್ಲ. ಟೈಲರ್ ಅಂಗಡಿಯಲ್ಲಿ ಯಾರೂ ಅರ್ಜಿ ತುಂಬಿಸುವುದಿಲ್ಲ. ಆದರೆ ದೊಡ್ಡ ಕಂಪನಿಯಲ್ಲೋ ಸರ್ಕಾರಿ ನೌಕರಿಯಲ್ಲೋ ಅರ್ಜಿಯ ಕಾಲಂನಲ್ಲಿ ಕೇಳಿದ್ದರೆ ಸುಳ್ಳು ಬರೆಯಲೇಬಾರದು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಬಿಡಿಸಿ ಹೇಳಿದೆ. ನಿಜ ಬರೆದರೂ ಕೆಲಸ ಕೊಡಲೇಬೇಕೆಂದು ಮಾಲಕರನ್ನು ಒತ್ತಾಯಿಸಲು ಬರುವುದಿಲ್ಲ, ಅವರು ತೂಗಿ ನೋಡಬಹುದು. ಆದರೆ ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಆ ಮುಚ್ಚಿಟ್ಟದ್ದೇ ಕೆಲಸದಿಂದ ತೆಗೆಯಲು ಕಾರಣವಾಗಬಹುದು. ಎಳೆಯ ವಯಸ್ಸಿನ ಸಣ್ಣಪುಟ್ಟ ತಪ್ಪಾಗಿದ್ದರೆ ಅದನ್ನು ಬದಿಗಿಡುವ ಅವಕಾಶವೂ ಆ ತೀರ್ಪಿನಲ್ಲಿದೆ.

ಸುಮ್ಮನೆ ಅಲೆಯಬಾರದ ಕಡೆ ಒಂದಿದೆ: ಸೆಕ್ಯೂರಿಟಿ ಗಾರ್ಡ್ ಕೆಲಸ. ಊರಲ್ಲಿ ಸುಲಭವಾಗಿ ಸಿಗುವ ಕೆಲಸ ಎಂದು ಎಲ್ಲರೂ ಮೊದಲು ಅಲ್ಲಿಗೇ ಕಳಿಸುತ್ತಾರೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಶಿಕ್ಷೆಗೊಳಗಾದವರನ್ನು ಗಾರ್ಡ್ ಆಗಿ ನೇಮಿಸಿಕೊಳ್ಳುವಂತಿಲ್ಲ. ಪೊಲೀಸ್ ಪರಿಶೀಲನೆಗೆ ದುಡ್ಡು ಕಟ್ಟಿ, ಎರಡು ವಾರ ಕಾದು, ಕೊನೆಗೆ ಇಲ್ಲ ಅನ್ನಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಈ ಚರ್ಚೆ ಓದುತ್ತಿರುವ, ಪ್ರಕರಣ ಇನ್ನೂ ನಡೆಯುತ್ತಿರುವವರಿಗೆ ಒಂದು ಮಾತು. ಮೊದಲ ತಪ್ಪು, ಸಣ್ಣ ಸ್ವರೂಪದ್ದು ಎಂದಾದರೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಜೈಲಿಗೆ ಕಳಿಸದೆ ಬಿಡುವಂತೆ ಕೇಳಲು ನಿಮ್ಮ ವಕೀಲರಿಗೆ ಹೇಳಿ. ಹಾಗೆ ಬಿಡುಗಡೆಯಾದರೆ, ಶಿಕ್ಷೆಯ ಜೊತೆ ಅಂಟಿಕೊಳ್ಳುವ ಅನರ್ಹತೆ ತಗಲುವುದಿಲ್ಲ ಎಂದು ಅದರ 12ನೇ ಸೆಕ್ಷನ್ ಹೇಳುತ್ತದೆ. ಕೇಳುವವರೇ ಕಡಿಮೆ. ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಿ, ಇಲ್ಲವೇ ಕೋರ್ಟಿನ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಅಲ್ಲಿ ಆದಾಯದ ಮಿತಿ ಕೇಳದೆ ಉಚಿತ ನೆರವು ಸಿಗುತ್ತದೆ.

ಗಂಜ್ ವ್ಯಾಪಾರಿ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಇನ್ನೊಂದು ಕಡೆಯನ್ನೂ ಕೇಳಿ.

ಆರು ವರ್ಷದ ಹಿಂದೆ ನನ್ನ ಅಡತಿ ಅಂಗಡಿಯ ತಿಜೋರಿ ಒಡೆದರು. ಒಡೆದವರಲ್ಲಿ ಒಬ್ಬ ನನ್ನ ಹತ್ತಿರವೇ ಎರಡು ವರ್ಷ ದುಡಿದವನು. ರೈತರಿಗೆ ಪಟ್ಟಿ ಬಿಡಿಸಿ ಕೊಡಬೇಕಾದ ದುಡ್ಡು ಅದು. ನಾನು ಹೆಂಡತಿಯ ಬಂಗಾರ ಇಟ್ಟು ರೈತರ ಲೆಕ್ಕ ಮುಗಿಸಿದೆ. ಅವನಿಗೆ ಶಿಕ್ಷೆಯಾಯಿತು, ಒಳಗೆ ಊಟ ಸಿಕ್ಕಿತು, ಕಸುಬು ಕಲಿಸಿದರು, ಕೂಲಿಯನ್ನೂ ಕೊಟ್ಟರು. ನನ್ನನ್ನು ಯಾರು ಕೇಳಿದರು? ಬಂಗಾರ ಬಿಡಿಸಿಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಮ್ಮ ಊರಿನಲ್ಲಿ ಯಾವ ತಪ್ಪನ್ನೂ ಮಾಡದ ಡಿಗ್ರಿ ಹುಡುಗರು ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಿದ್ದಾರೆ. ಮೊದಲು ಅವರಿಗೆ ಕೆಲಸ ಸಿಗಲಿ, ಆಮೇಲೆ ಉಳಿದವರು. ಅಕ್ಕನವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಆ ಅಂಗಡಿಯವರನ್ನು ಕೆಟ್ಟವರು ಎನ್ನಬೇಡಿ.

ವೆಲ್ಡಿಂಗ್ ಅಂಗಡಿ, ಜೇವರ್ಗಿ ತಾಲ್ಲೂಕು

ಸಾಹೇಬರೇ, ನಿಮ್ಮ ಮಾತಿಗೆ ನನ್ನ ವಿರೋಧವಿಲ್ಲ. ನಿಮ್ಮ ಬಂಗಾರದ ಮಾತು ಓದಿ ನಾನು ಮೊಬೈಲ್ ಕೆಳಗಿಟ್ಟೆ. ನಾನೂ ಒಳಗಿದ್ದು ಬಂದವನು. ಹೊರಗೆ ಬಂದು ಹನ್ನೊಂದು ವರ್ಷವಾಯಿತು. ಉಪ್ಪು ತಿಂದೆ, ನೀರೂ ಕುಡಿದೆ. ಕುಡಿದು ಮುಗಿದ ಮೇಲೂ ಲೋಟ ಕೆಳಗಿಡಬೇಡ ಎಂದರೆ ಮನುಷ್ಯ ಆ ಕೈಯಿಂದ ಬೇರೆ ಏನು ಮಾಡಬೇಕು, ಅದೊಂದನ್ನು ಯೋಚಿಸಿ.

ಅಕ್ಕನವರೇ, ನಿಮ್ಮ ತಮ್ಮನಿಗೆ ಇದನ್ನು ಓದಿ ಹೇಳಿ.

ಸೋಲಾಪುರದ ಸುಳ್ಳು ಬಿಟ್ಟುಬಿಡು ತಮ್ಮಾ. ನಾನೂ ಮುಂಬೈ ಎಂದು ಹೇಳಿ ಮೂರು ಕಡೆ ಸಿಕ್ಕಿಬಿದ್ದಿದ್ದೇನೆ. ಸುಳ್ಳು ಹೇಳಿ ಕೆಲಸ ಸಿಕ್ಕರೂ ರಾತ್ರಿ ನಿದ್ರೆ ಬರುವುದಿಲ್ಲ, ಅಂಗಡಿ ಮುಂದೆ ಪರಿಚಯದ ಮುಖ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಹಾಗೆಂದು ಬಾಗಿಲಲ್ಲಿ ನಿಂತು ಮೊದಲ ಮಾತೇ ಜೈಲು ಎಂದು ಹೇಳಬೇಡ. ಮೊದಲು ಕೆಲಸ ತೋರಿಸು. ನೀನೇ ಹೊಲಿದ ಒಂದು ಅಂಗಿ ಕೈಯಲ್ಲಿರಲಿ. ಕಾಲರ್ ತಿರುವಿ ತೋರಿಸು, ಕಾಜಾ ತೋರಿಸು. ಮಾಲಕರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಆಗ ಹೇಳು: ‘ಇದನ್ನು ನಾನು ಜೈಲಿನಲ್ಲಿ ಕಲಿತೆ. ಹೊಲದ ಜಗಳದಲ್ಲಿ ಹೊಡೆದಿದ್ದೆ, ಶಿಕ್ಷೆ ಮುಗಿಸಿದ್ದೇನೆ. ಬೇರೆಯವರಿಂದ ನಿಮಗೆ ಗೊತ್ತಾಗುವುದು ಬೇಡ ಎಂದು ನಾನೇ ಹೇಳುತ್ತಿದ್ದೇನೆ.’ ಅಷ್ಟು ಸಾಕು. ಅಳಬೇಡ, ಕಥೆ ಬೆಳೆಸಬೇಡ, ಎದುರಿನವರದೂ ತಪ್ಪಿತ್ತು ಎಂದು ಮಾತ್ರ ಬಾಯಿ ತಪ್ಪಿಯೂ ಹೇಳಬೇಡ.

ಇನ್ನೊಂದು ಎಚ್ಚರ. ‘ಒಂದು ವಾರ ಕೂಲಿ ಇಲ್ಲದೆ ದುಡಿಯುತ್ತೇನೆ, ನೋಡಿ’ ಎನ್ನಬೇಡ. ನಾನು ಹೇಳಿದ್ದೆ. ಒಂದು ವಾರ ಎಂದದ್ದು ಒಂದು ತಿಂಗಳಾಯಿತು, ಆಮೇಲೆ ಎರಡು ವರ್ಷ ಅರ್ಧ ಕೂಲಿಗೆ ದುಡಿದೆ. ಹೋಗಲು ಬೇರೆ ಜಾಗವಿಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಶಿಕ್ಷೆಯಾದವನಿಗೆ ಬೇರೆ ಕೂಲಿ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

ನನ್ನನ್ನು ನಿಲ್ಲಿಸಿದವರು ಆಮೇಲೆ ಸಿಕ್ಕ ಮೇಸ್ತ್ರಿ. ದೊಡ್ಡ ಉಪಕಾರವೇನನ್ನೂ ಅವರು ಮಾಡಲಿಲ್ಲ. ನಾನು ಹೇಳಿದ್ದನ್ನು ಕೇಳಿಸಿಕೊಂಡು, ಮರುದಿನ ಉಳಿದ ನಾಲ್ಕು ಹುಡುಗರನ್ನು ಕೂರಿಸಿ ನನ್ನ ಮುಂದೆಯೇ ಅವರಿಗೆ ಹೇಳಿದರು. ‘ಇವನು ಹೀಗೆ, ನನಗೆ ಗೊತ್ತಿದೆ, ನಿಮಗೂ ಗೊತ್ತಿರಲಿ. ಇನ್ನು ಈ ಮಾತು ಅಂಗಡಿಯಲ್ಲಿ ಬರಬಾರದು.’ ಬರಲಿಲ್ಲ. ಶನಿವಾರದ ಬಟವಾಡೆಯಲ್ಲಿ ಎಲ್ಲರ ಸಾಲಿನಲ್ಲಿ ನಿಲ್ಲಿಸಿ ಎಲ್ಲರಷ್ಟೇ ಕೊಟ್ಟರು. ಇವತ್ತು ನನ್ನ ಅಂಗಡಿಯಲ್ಲಿ ಮೂವರು ಇದ್ದಾರೆ, ಒಬ್ಬ ನನ್ನ ಹಾಗೆಯೇ ಬಂದವನು. ಯಾರು ಎಂದು ಗಿರಾಕಿಗಳಿಗೆ ಗೊತ್ತಿಲ್ಲ, ಒಳಗಿನವರಿಗೆಲ್ಲ ಗೊತ್ತಿದೆ.

ಮೊದಲ ಮೂರು ತಿಂಗಳು ಬಹಳ ಕೆಟ್ಟವು. ಹಳೆಯ ಗೆಳೆಯರು ಮಾತ್ರ ಪ್ರೀತಿಯಿಂದ ಕರೆಯುವ ದಿನಗಳು ಅವು. ಚಹಾ ಕುಡಿಸುವವರು, ಸಾವಿರ ರೂಪಾಯಿ ಕೈಗಿಡುವವರು ಅವರೇ. ಅಕ್ಕನವರೇ, ಅವನು ಸಂಜೆ ಮನೆಯಲ್ಲಿರುವಂತೆ ಮಾಡಿ. ರವಿಕೆಯೋ ದಿಂಬಿನ ಚೀಲವೋ, ಕೈಯಲ್ಲಿ ಏನಾದರೂ ಹೊಲಿಗೆ ಇರಲಿ.

ತಮ್ಮನ ಅಕ್ಕ, ಕಲಬುರಗಿ

ಅಣ್ಣಾ, ಓದಿ ಹೇಳಿದೆ. ಅರ್ಧಕ್ಕೆ ಎದ್ದು ಹೊರಗೆ ಹೋದ. ಬಂದು, ‘ಆ ಕೂಲಿಯ ಮಾತು ಇನ್ನೊಮ್ಮೆ ಓದು’ ಎಂದ. ಅವನು ಎರಡು ಕಡೆ ಹಾಗೆಯೇ ಹೇಳಿ ಬಂದಿದ್ದನಂತೆ.

ಮೇಸ್ತ್ರಿ ಅಣ್ಣ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿದೆ. ನಾನು ಒಂದು ಖಾಸಗಿ ಶಾಲೆಯಲ್ಲಿ ಕಚೇರಿ ಗುಮಾಸ್ತೆ. ನಮ್ಮ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯೇ ಬೇರೆ ಇದೆ, ಅದರ ಮಾಲಕರು ಪ್ರತಿ ಏಪ್ರಿಲ್‌ನಲ್ಲಿ ನನ್ನ ಮೇಜಿನ ಮುಂದೆ ಕುಳಿತು ಅಳತೆಯ ಪಟ್ಟಿ ಬರೆದುಕೊಂಡು ಹೋಗುತ್ತಾರೆ. ಒಂಬತ್ತು ವರ್ಷದ ಪರಿಚಯ. ಅವನು ಹೋದ ಹನ್ನೊಂದರಲ್ಲಿ ಅವರ ಅಂಗಡಿಯೂ ಒಂದು. ಹೋಗುವ ಮುಂಚೆ ನಾನು ಅವನಿಗೆ ಹೇಳಿದ್ದು ಒಂದೇ ಮಾತು: ‘ನನ್ನ ಹೆಸರು ಮಾತ್ರ ಹೇಳಬೇಡ.’

ಶಾಲೆಯಲ್ಲಿ ಗೊತ್ತಾದರೆ ಎಂಬ ಹೆದರಿಕೆ ನನಗಿತ್ತು. ನನ್ನ ಅನ್ನವೂ ಅದರಲ್ಲೇ ಇದೆ. ಆದರೂ ಮಾಡಿದ್ದನ್ನು ಮಾಡಿದೆ ಎಂದು ಹೇಳಬೇಕಲ್ಲ.

ಐಟಿಐ ಮಾಸ್ತರ

ಅಕ್ಕಾ, ಇದನ್ನು ಹೇಳಿದ್ದೇ ದೊಡ್ಡದು. ನಾನು ತರಬೇತಿಯ ಕಡೆಯ ಮಾತು ಹೇಳುತ್ತೇನೆ, ಏಕೆಂದರೆ ‘ಕಸುಬು ಬರುತ್ತದೆ’ ಎಂದು ನೀವು ಅಂದುಕೊಂಡಿರುವುದರಲ್ಲಿ ಒಂದು ಸಣ್ಣ ಕೊರತೆ ಇರಬಹುದು.

ಅವನು ಒಳಗೆ ಹೊಲಿದದ್ದು ಯಾವ ಮಷಿನ್‌ನಲ್ಲಿ ಎಂದು ಕೇಳಿ. ಕಾಲಿನಿಂದ ತುಳಿಯುವ ಮಷಿನ್ ಆಗಿದ್ದರೆ, ಹೊರಗೆ ಜೂಕಿಯಂಥ ಪವರ್ ಮಷಿನ್ ಮುಂದೆ ಕೂತಾಗ ಮೊದಲ ವಾರ ಬಟ್ಟೆ ಕೈಯಿಂದ ಓಡಿಹೋಗುತ್ತದೆ. ಪೆಡಲ್ ಸ್ವಲ್ಪ ಒತ್ತಿದರೂ ಸಾಕು, ಸೂಜಿ ಗೆರೆ ದಾಟುತ್ತದೆ. ಗೊತ್ತಿಲ್ಲದ ಮಾಲಕರು ಕೈಯೇ ಸರಿಯಿಲ್ಲ ಎನ್ನುತ್ತಾರೆ. ಇದು ಹದಿನೈದು ದಿನದ ಅಭ್ಯಾಸ ಅಷ್ಟೇ. ಓವರ್‌ಲಾಕ್, ಕಾಜಾ ಮಷಿನ್ ಎರಡನ್ನೂ ಮುಟ್ಟಿ ನೋಡಿರಬೇಕು. ಜೈಲಿನಲ್ಲಿ ವರ್ಷಗಟ್ಟಲೆ ಒಂದೇ ಬಗೆಯ ಬಟ್ಟೆ ಹೊಲಿದಿದ್ದರೆ ಕಟಿಂಗ್ ಬಂದಿರುವುದಿಲ್ಲ. ಕತ್ತರಿಸಿ ಕೊಟ್ಟದ್ದನ್ನು ಜೋಡಿಸಿರುತ್ತಾನೆ. ಹೊರಗಿನ ಅಂಗಡಿಯಲ್ಲಿ ಕಟಿಂಗ್ ಮಾಸ್ತರನಿಗೇ ಬೆಲೆ.

ಎರಡು ದಾರಿ ಹೇಳುತ್ತೇನೆ. ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಎಂದು ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುತ್ತವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯನ್ನೇ ಆಮೇಲೆ ದೇಶಕ್ಕೆಲ್ಲ ತಂದದ್ದು. ಊಟ, ವಸತಿ ಸೇರಿ ಉಚಿತ. ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನ ಹಿಂದೆ ನಿಂತು ವಿಚಾರಿಸುವುದು, ಬ್ಯಾಂಕ್ ಸಾಲಕ್ಕೆ ಜೋಡಿಸುವುದು ಅದರ ಕೆಲಸದಲ್ಲೇ ಸೇರಿದೆ. ನಿಮ್ಮ ತಮ್ಮನ ಆಧಾರ್ ಇನ್ನೂ ಊರಿನ ವಿಳಾಸದಲ್ಲಿದ್ದರೆ ಅದು ಇಲ್ಲಿ ಅನುಕೂಲವೇ, ಗ್ರಾಮೀಣದವರಿಗೆ ಆದ್ಯತೆ ಇದೆ.

ಇನ್ನೊಂದು, ಈಗಾಗಲೇ ಕಸುಬು ಬಲ್ಲವರ ಕೈ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಗೆ ಮಾನ್ಯತೆ ಎನ್ನುತ್ತಾರೆ. ತಿಂಗಳುಗಟ್ಟಲೆ ಕೂರಬೇಕಾಗಿಲ್ಲ. ಕಸುಬಿನ ಹೆಸರಿನ ಸರ್ಟಿಫಿಕೇಟ್ ಅದು. ಎಲ್ಲಿ ಕಲಿತೆ ಎಂಬ ಕಥೆ ಅದರಲ್ಲಿ ಇರುವುದಿಲ್ಲ.

ಸಾಲದ ಕಡೆ, 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರ್ ಕೂಡ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15 ಸಾವಿರ ರೂಪಾಯಿ, ಆಮೇಲೆ ಶೇ 5ರ ಬಡ್ಡಿಗೆ ಮೊದಲ ಕಂತು ಒಂದು ಲಕ್ಷದವರೆಗೆ ಸಾಲ. ಸ್ವಂತವಾಗಿ ಕಸುಬು ಮಾಡುತ್ತಿರಬೇಕು, ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಇಲ್ಲಿ ಒಂದು ಸಿಕ್ಕು ಇದೆ: ಅರ್ಜಿಯ ಮೊದಲ ಪರಿಶೀಲನೆ ಆಗುವುದು ಆಧಾರ್ ವಿಳಾಸದ ಪಂಚಾಯಿತಿಯಲ್ಲಿ. ಊರಿನಲ್ಲಿ ಆ ದೊಡ್ಡಪ್ಪನ ಮನೆಯವರೂ ಇದ್ದಾರೆ. ನಿಮ್ಮ ಖೋಲಿಯ ಬಾಡಿಗೆ ಕರಾರಿನಲ್ಲಿ ಅವನ ಹೆಸರು ಸೇರಿಸಿ, ವಿಳಾಸ ನಗರಕ್ಕೆ ಬದಲಿಸಿಕೊಂಡು ಅರ್ಜಿ ಹಾಕುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ಹಾಗೆ ಮಾಡುವುದಾದರೆ ಮೊದಲು ಆ ಗ್ರಾಮೀಣ ತರಬೇತಿ ಮುಗಿಸಿಕೊಂಡು ಆಮೇಲೆ ವಿಳಾಸ ಬದಲಿಸಿ.

ಯಾದಗಿರಿಯಿಂದ ದುಡಿಯಲು ಹೋದವನು

ನನ್ನದು ಬೇರೆ. ನನಗೆ ಶಿಕ್ಷೆಯೇ ಆಗಿಲ್ಲ. ಹದಿನಾಲ್ಕು ತಿಂಗಳು ಒಳಗಿದ್ದೆ, ಕೋರ್ಟು ಖುಲಾಸೆ ಮಾಡಿತು. ಪುಣೆಯಲ್ಲಿ ಗೋದಾಮಿನ ಕೆಲಸಕ್ಕೆ ಏಜೆನ್ಸಿಯವರು ಪೊಲೀಸ್ ಪರಿಶೀಲನೆ ಮಾಡಿಸಿದರು, ಪ್ರಕರಣದ ನಂಬರು ಬಂತು, ಕಳಿಸಿಬಿಟ್ಟರು. ಖುಲಾಸೆಯಾಗಿದೆ ಸರ್ ಎಂದೆ. ಪರದೆಯಲ್ಲಿ ಹಾಗೆ ಕಾಣುತ್ತಿಲ್ಲ ಎಂದರು. ನಾನು ಯಾವ ಗುಂಪಿಗೆ ಸೇರುತ್ತೇನೆ?

ಕರಿ ಕೋಟು

ತಮ್ಮಾ, ದೇಶದ ಜೈಲುಗಳಲ್ಲಿ ಬಹಳ ಜನ ನಿನ್ನ ಗುಂಪಿನವರೇ. 2022ರ ಸರ್ಕಾರಿ ಲೆಕ್ಕದಲ್ಲಿ ಪ್ರತಿ ನಾಲ್ವರು ಕೈದಿಗಳಲ್ಲಿ ಸುಮಾರು ಮೂವರು ವಿಚಾರಣಾಧೀನರು. ಇನ್ನೂ ತೀರ್ಪೇ ಆಗದವರು. ಶಿಕ್ಷೆಯಾದವರಿಗೆ ಒಳಗೆ ಕೆಲಸ ಕೊಟ್ಟು ಕಸುಬು ಕಲಿಸುತ್ತಾರೆ. ವಿಚಾರಣಾಧೀನರು ಬಹುಪಾಲು ಕೋರ್ಟಿನ ದಿನಾಂಕ ಎಣಿಸುತ್ತ ಕೂತಿರುತ್ತಾರೆ. ಅಂದರೆ ನಿನ್ನಂಥವರು ಹೊರಗೆ ಬರುವಾಗ ಕಸುಬೂ ಇಲ್ಲ, ದುಡಿದ ಕೂಲಿಯೂ ಇಲ್ಲ, ಹೆಸರು ಮಾತ್ರ ಕೆಟ್ಟಿರುತ್ತದೆ. ತರಬೇತಿಯ ಮಾತು ಬಂದಾಗಲೆಲ್ಲ ಇವರನ್ನು ಮರೆತುಬಿಡುತ್ತೇವೆ, ನನಗೆ ಇದು ಬಹಳ ದಿನದ ನೋವು.

ನೀನು ಮಾಡಬೇಕಾದದ್ದು: ಕೋರ್ಟಿನಿಂದ ತೀರ್ಪಿನ ದೃಢೀಕೃತ ಪ್ರತಿ ತೆಗೆದುಕೋ, ಎರಡು ಮೂರು ಪ್ರತಿ ಇರಲಿ. ಒಂದನ್ನು ಅರ್ಜಿಯ ಜೊತೆ ಪೊಲೀಸ್ ಠಾಣೆಗೆ ಕೊಟ್ಟು ದಾಖಲೆಯಲ್ಲಿ ಖುಲಾಸೆ ಎಂದು ಸೇರಿಸಲು ಕೇಳು, ಸ್ವೀಕೃತಿ ಪಡೆ. ಕೆಲಸಕ್ಕೆ ಹೋಗುವಾಗ ಅವರು ಪರಿಶೀಲನೆ ಮಾಡಿಸುವ ಮುಂಚೆಯೇ ಆ ಪ್ರತಿಯನ್ನು ಮೇಜಿನ ಮೇಲಿಡು. ಇನ್ನೂ ಒಳಗಿರುವ ಪರಿಚಯದವರಿದ್ದರೆ ತಿಳಿಸು: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಶಿಕ್ಷೆಯೂ ಆಗಿರದ ವಿಚಾರಣಾಧೀನರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೂ ಸಿಗುವುದಿಲ್ಲ.

ವ್ಯಾಪಾರಿ ಸಾಹೇಬರ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಕರ್ನಾಟಕದ ಜೈಲುಗಳಲ್ಲಿ ಈಗ ದುಡಿಯುವ ಶಿಕ್ಷಾ ಬಂದಿಗಳಿಗೆ ದಿನಕ್ಕೆ 500 ರೂಪಾಯಿಗೂ ಹೆಚ್ಚು ಕೂಲಿ ಇದೆ. ಕೈದಿಗಳಿಗೆ ನ್ಯಾಯವಾದ ಕೂಲಿ ಕೊಡಿ ಎಂದು 1998ರಲ್ಲಿ ಗುಜರಾತಿನ ಪ್ರಕರಣದಲ್ಲಿ ಹೇಳಿದಾಗ, ಅದರಲ್ಲಿ ಒಂದು ಪಾಲನ್ನು ಅನ್ಯಾಯಕ್ಕೊಳಗಾದವರಿಗೆ ತೆಗೆದಿಡಲು ಕಾನೂನು ಮಾಡಿ ಎಂದೂ ಸುಪ್ರೀಂ ಕೋರ್ಟು ಹೇಳಿತ್ತು. ಕೈದಿಯ ಕೂಲಿಯ ಜೊತೆಗೇ ನಿಮ್ಮಂಥವರ ಹಕ್ಕನ್ನೂ ಅದು ಕಂಡಿತ್ತು. ನಿಮ್ಮ ಸಿಟ್ಟು ಸರಿಯಾದದ್ದು.

ಹೆಸರು ಬೇಡ

ನನ್ನ ಅಕ್ಕನ ಮಗನಿಗೆ ಹದಿನಾರು ತುಂಬಿರಲಿಲ್ಲ, ಬೈಕ್ ಕದ್ದ ಪ್ರಕರಣ. ಈಗ ಹತ್ತೊಂಬತ್ತು. ಸೇನೆಗೆ ಅರ್ಜಿ ಹಾಕಬೇಕಂತೆ. ಮುಗಿಯಿತೇ ಅವನ ಭವಿಷ್ಯ?

ಕರಿ ಕೋಟು

ಇಲ್ಲ, ಮುಗಿದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಆ ವಯಸ್ಸಿನ ಪ್ರಕರಣದಿಂದ ಯಾವ ಅನರ್ಹತೆಯೂ ತಗಲಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶಪಡಿಸಬೇಕು. ಪ್ರಕರಣ ಮುಗಿದಿದ್ದರೆ, ನಡತೆ ಪ್ರಮಾಣಪತ್ರ ಕೊಡುವಾಗ ಪೊಲೀಸರು ಅದನ್ನು ಬಹಿರಂಗ ಮಾಡುವಂತಿಲ್ಲ ಎಂದು 74ನೇ ಸೆಕ್ಷನ್ ಹೇಳುತ್ತದೆ. ಹದಿನಾರು ದಾಟಿ, ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆಯಾದವರಿಗೆ ಮಾತ್ರ ಬೇರೆ ನಿಯಮ. ಬಾಲನ್ಯಾಯ ಮಂಡಳಿಯ ಆದೇಶದ ಪ್ರತಿ ತೆಗೆದುಕೊಂಡು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅರ್ಜಿ ತುಂಬುವ ಮುಂಚೆಯೇ.

ಗಂಜ್ ವ್ಯಾಪಾರಿ

ವಕೀಲರೇ, ನನ್ನ ಮಾತನ್ನು ಯಾರಾದರೂ ಎತ್ತಿಕೊಂಡರಲ್ಲ, ಅಷ್ಟು ಸಾಕು. ತಿಜೋರಿ ಒಡೆದವನನ್ನು ನಾನು ಮತ್ತೆ ಅಂಗಡಿಗೆ ಸೇರಿಸುವುದಿಲ್ಲ. ಅದನ್ನು ಯಾರೂ ನನ್ನಿಂದ ಕೇಳಬೇಡಿ. ಆದರೆ ಅವನು ಇನ್ನೊಬ್ಬರ ಹತ್ತಿರ ಕೆಲಸಕ್ಕೆ ಹೋದರೆ ನಾನು ಅಲ್ಲಿಗೆ ಹೋಗಿ ಹೇಳುವುದಿಲ್ಲ. ಹಿಂದೆ ಒಮ್ಮೆ ಹೇಳಿದ್ದೆ. ಈ ಅಕ್ಕನವರ ತಮ್ಮನನ್ನು ಮೂರನೆಯ ಅಂಗಡಿಯಿಂದ ಕಳಿಸಿದ್ದು ಓದಿದಾಗ ಅದು ನೆನಪಿಗೆ ಬಂತು.

ಬೀದರ್ ರೋಡ್ ಪ್ರಯಾಣಿಕ

ಹೈದರಾಬಾದಿಗೆ ಹೋದವರು ನೋಡಿರಬಹುದು, ಚಂಚಲಗುಡ ಜೈಲಿನ ಪಕ್ಕದಲ್ಲಿ ಜೈಲು ಇಲಾಖೆಯದೇ ಪೆಟ್ರೋಲ್ ಬಂಕ್ ಇದೆ. ಕೈದಿಗಳೇ ಪೆಟ್ರೋಲ್ ಹಾಕುತ್ತಾರೆ, ಬಿಡುಗಡೆಯಾದವರಿಗೂ ಇಲಾಖೆಯ ಇಂಥ ಬಂಕುಗಳಲ್ಲಿ ಕೆಲಸ ಕೊಟ್ಟಿದ್ದಾರೆ. ನಾನು ಎಷ್ಟೋ ಸಲ ಹಾಕಿಸಿದ್ದೇನೆ. ಸಾಲು ಹಚ್ಚಿ ನಿಲ್ಲುತ್ತಾರೆ ಜನ, ಅಳತೆ ಸರಿ ಇರುತ್ತದೆ ಎಂದು. ದುಡ್ಡು ಎಣಿಸುವ ಕೆಲಸವನ್ನೇ ಅವರ ಕೈಗೆ ಕೊಟ್ಟಿದ್ದಾರೆ ನೋಡಿ. ನಮ್ಮ ಕಲಬುರಗಿಯೂ ಕೇಂದ್ರ ಕಾರಾಗೃಹ ಇರುವ ಊರು. ಇಲ್ಲಿಯೂ ಇಂಥದ್ದೊಂದು ಬೇಕು ಎಂದು ಕೇಳಬಾರದೇಕೆ?

ಕರಿ ಕೋಟು

ಕೇಳಲೇಬೇಕು. ಜೈಲು ಸುಧಾರಣೆಗೆ ನೇಮಿಸಿದ್ದ ನ್ಯಾಯಮೂರ್ತಿ ಮುಲ್ಲಾ ಸಮಿತಿ ವರದಿ ಕೊಟ್ಟದ್ದು 1983ರಲ್ಲಿ. ಬಿಡುಗಡೆಯ ನಂತರದ ಆರೈಕೆಯ ಮಾತು ಅದರಲ್ಲೇ ಇದೆ. ನಾಲ್ಕು ದಶಕ ಕಳೆದರೂ ಒಬ್ಬ ಅಕ್ಕ ರಾತ್ರಿ ಕೂತು ಅಪರಿಚಿತರನ್ನು ದಾರಿ ಕೇಳಬೇಕಾಗಿದೆ.

ತಮ್ಮನ ಅಕ್ಕ, ಕಲಬುರಗಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ಹೇಳಿದೆ. ಮಾತಾಡುವಾಗ ಕೈ ನಡುಗುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಶಾಲೆಯೊಳಗೆ ಕೆಲಸ ಕೊಡಲು ನನಗಾಗುವುದಿಲ್ಲ, ಪಾಲಕರು ಇದ್ದಾರೆ. ಆದರೆ ಇದಕ್ಕೂ ನಿನ್ನ ನೌಕರಿಗೂ ಸಂಬಂಧವಿಲ್ಲ’ ಎಂದರು. ನಾಲ್ಕು ವರ್ಷ ನಾನು ಹೆದರಿದ್ದು ಈ ಒಂದು ಮಾತಿಗೆ.

ಮರುದಿನ ಸಂಜೆ ತಮ್ಮನನ್ನು ಕರೆದುಕೊಂಡು ಸಮವಸ್ತ್ರದ ಅಂಗಡಿಗೆ ಹೋದೆ. ವೆಲ್ಡಿಂಗ್ ಅಣ್ಣ ಹೇಳಿದ ಹಾಗೆ ಅವನ ಕೈಯಲ್ಲಿ ಅವನೇ ಹೊಲಿದ ಅಂಗಿ ಇತ್ತು. ಅವನು ಹೊಸ್ತಿಲಲ್ಲೇ ನಿಂತ. ನಾನೇ ಒಳಗೆ ಹೋಗಿ, ‘ಮಾಲಕರೇ, ಹಿಂದೆ ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಂದಿದ್ದನಲ್ಲ, ಅವನು ನನ್ನ ತಮ್ಮ’ ಎಂದೆ. ಉಳಿದದ್ದನ್ನು ಅವನೇ ಹೇಳಿದ, ನಾಲ್ಕೇ ಮಾತು. ಮಾಲಕರು ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಕಾಲರ್ ನೋಡಿದರು, ಒಳಗಿನ ಹೊಲಿಗೆ ನೋಡಿದರು. ‘ಅಂದೇ ಹೇಳಬಾರದಾಗಿತ್ತೇ ಅಕ್ಕಾ, ನಿಮ್ಮವನು ಎಂದು’ ಎಂದರು. ಅದನ್ನು ಕೇಳಿ ನಾನು ತಲೆ ತಗ್ಗಿಸಿದೆ.

ಜೂನ್‌ವರೆಗೆ ಸಮವಸ್ತ್ರದ ಕೆಲಸ, ಪೀಸಿನ ಲೆಕ್ಕ, ಉಳಿದವರಿಗೆ ಇರುವ ದರವೇ. ಮಾಸ್ತರರು ಹೇಳಿದ್ದು ಸರಿ, ಮೊದಲ ನಾಲ್ಕು ದಿನ ಪವರ್ ಮಷಿನ್ ಅವನನ್ನು ಅಳಿಸಿತು. ಐದನೆಯ ದಿನ ಹನ್ನೆರಡು ಚಡ್ಡಿ ಹೊಲಿದ. ಎರಡರಲ್ಲಿ ಸೊಂಟದ ಪಟ್ಟಿ ಸೊಟ್ಟಗಾಗಿದೆ ಎಂದು ಮಾಲಕರು ಬಿಚ್ಚಿಸಿದರಂತೆ. ಎಲ್ಲರಿಗೂ ಬಿಚ್ಚಿಸುತ್ತಾರೆ ಅಕ್ಕ, ನನಗೊಬ್ಬನಿಗೇ ಅಲ್ಲ ಎಂದು ಊಟ ಮಾಡುತ್ತ ಎರಡು ಸಲ ಹೇಳಿದ.

ಜೂನ್ ಆದಮೇಲೆ ಏನು ಎಂಬ ಚಿಂತೆ ಇದೆ. ಗ್ರಾಮೀಣ ತರಬೇತಿ ಸಂಸ್ಥೆಯಲ್ಲಿ ಹೆಸರು ಬರೆಸಿ ಬಂದಿದ್ದೇವೆ. ದೊಡ್ಡಪ್ಪನ ಮಗನ ಮನೆಗೆ ನಾನೊಬ್ಬಳೇ ಹೋಗಿ ಬರಬೇಕೆಂದಿದ್ದೇನೆ. ಅವರು ಮಾತಾಡಿಸುತ್ತಾರೋ ಇಲ್ಲವೋ.

ದಾಲ್ ಮಿಲ್ ಮೇಸ್ತ್ರಿ, ಕಪನೂರ

ತಂಗೀ, ನಮ್ಮ ಮಾಲಕರು ಒಂದು ಕಿಲೋ, ಐದು ಕಿಲೋ ತೊಗರಿಬೇಳೆಯನ್ನು ಬಟ್ಟೆ ಚೀಲದಲ್ಲಿ ಕೊಡಬೇಕು ಎನ್ನುತ್ತಿದ್ದಾರೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಇದು ಈ ನೆಲದ್ದೇ ಎಂಬ ಭೌಗೋಳಿಕ ಗುರುತು ಸಿಕ್ಕಿದೆಯಲ್ಲ, ಆ ಗುರುತನ್ನೂ ಮೇಲೆ ಅಚ್ಚು ಹಾಕಿಸುವ ಆಲೋಚನೆ ಇದೆ. ಮೊದಲಿಗೆ ಇನ್ನೂರು ಚೀಲ ಬೇಕು. ಜುಲೈ ಮೊದಲ ವಾರ ಅಳತೆಗೆ ಕಳಿಸಿ. ಅವನೊಬ್ಬನೇ ಬಂದರೂ ನಡೆಯುತ್ತದೆ, ಯಾರ ಕಡೆಯವನು ಎಂದು ನನಗೆ ಗೊತ್ತಿದೆ.